ಎಫ್‌ಜಿ800 ಸಾಕೇ, ಎಫ್‌ಜಿ830ರ ಬೀಟೆ ಮರಕ್ಕೆ ಹೆಚ್ಚು ಹಣ ಕೊಡಬೇಕೇ?

ಹೊಸಶ್ರುತಿ:
ಇಷ್ಟು ದಿನ ಎರವಲು ಗಿಟಾರಿನಲ್ಲಿ ಕಲಿತದ್ದಾಯಿತು, ಈಗ ಸ್ವಂತದ್ದು ಬೇಕು. ಯಮಹಾ ಎಫ್‌ಜಿ800 ಮತ್ತು ಎಫ್‌ಜಿ830ರ ನಡುವೆ ಸಿಕ್ಕಿಕೊಂಡಿದ್ದೇನೆ. ಎರಡಕ್ಕೂ ಸಾಲಿಡ್ (ಪದರ ಅಂಟಿಸದ, ಇಡೀ ಮರದ) ಸಿಟ್ಕಾ ಸ್ಪ್ರೂಸ್ ಟಾಪ್, ಅಂದರೆ ಮುಂಬದಿಯ ಹಲಗೆ. 800ರ ಹಿಂಬದಿ, ಪಕ್ಕಗಳು ನಾಟೊ ಮರದವು, 830ರವು ಬೀಟೆ. ಬೆಲೆಯಲ್ಲಿ ಸಾಕಷ್ಟು ಅಂತರವಿದೆ. ನಾನು ಹಾಡಿಕೊಂಡು, ಹೆಚ್ಚಾಗಿ ಬೆರಳಿನಿಂದ ನುಡಿಸುವವಳು. ಬೀಟೆಯ ನಾದ ಗಂಭೀರ ಎನ್ನುತ್ತಾರೆ. ಹೋಲಿಕೆಯ ವಿಡಿಯೊ ನೋಡಿದಷ್ಟೂ ಗೊಂದಲ ಹೆಚ್ಚುತ್ತಿದೆ. ಈ ವ್ಯತ್ಯಾಸ ನಿಜಕ್ಕೂ ಕಿವಿಗೆ ಬೀಳುತ್ತದೆಯೇ?

ಮೂಳೆಸ್ಯಾಡಲ್:
ಗಿಟಾರ್ ರಿಪೇರಿ ನನ್ನ ಕಸುಬು, ಮಾತು ಸ್ವಲ್ಪ ಒರಟು. 830ರ ಬೀಟೆ ಲ್ಯಾಮಿನೇಟ್, ಅಂದರೆ ತೆಳು ಪದರಗಳನ್ನು ಅಂಟಿಸಿದ ಹಲಗೆ. ಹೆಚ್ಚುವರಿ ಹಣ ಬಹುಪಾಲು ಹೋಗುವುದು ಆ ತೆಳು ಹೊರಪದರದ ಚೆಲುವಿಗೆ. ಚೆಲುವು ಬೇಕೆಂದರೆ ಧಾರಾಳವಾಗಿ ಕೊಡಿ, ನಾದಕ್ಕೆಂದು ಕೊಡಬೇಡಿ.

ತಂತಿ ಮೀಟಿದಾಗ ಬ್ರಿಜ್ (ಟಾಪ್ ಮೇಲೆ ತಂತಿಗಳನ್ನು ಹಿಡಿದಿಡುವ ಪಟ್ಟಿ) ಅಲುಗಾಡಿಸುವುದು ಟಾಪ್ ಅನ್ನು. ಗಾಳಿಯನ್ನು ತಳ್ಳುವ ಕೆಲಸದ ದೊಡ್ಡ ಪಾಲು ಅದರದೇ. ಸ್ಪೇನಿನ ಗಿಟಾರ್ ತಯಾರಕ ಆಂಟೋನಿಯೊ ಡಿ ಟೊರೆಸ್ ಇದನ್ನು ತೋರಿಸಲೆಂದೇ 1862ರಲ್ಲಿ ಹಿಂಬದಿ, ಪಕ್ಕಗಳನ್ನು ಕಾಗದದ ರಟ್ಟಿನಲ್ಲಿ ಮಾಡಿ ಟಾಪ್‌ಗೆ ಮಾತ್ರ ಸ್ಪ್ರೂಸ್ ಹಾಕಿದ್ದ. 2018ರಲ್ಲಿ ಪ್ರಕಟವಾದ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಪ್ರಯೋಗ ಇನ್ನೂ ಸ್ವಾರಸ್ಯಕರ. ಒಂದೇ ವಿನ್ಯಾಸದ ಆರು ಗಿಟಾರ್‌ಗಳು. ಹಿಂಬದಿ, ಪಕ್ಕಗಳಿಗೆ ಮಾತ್ರ ಬ್ರೆಜಿಲ್ ರೋಸ್‌ವುಡ್, ಭಾರತದ ಬೀಟೆ, ಮಹಾಗನಿ, ಮೇಪಲ್, ಸಪೇಲಿ, ವಾಲ್‌ನಟ್ ಎಂದು ಬೇರೆ ಬೇರೆ ಮರ. ಮರ ಕಾಣದಿರಲೆಂದು 52 ವಾದಕರಿಗೆ ಮಬ್ಬು ಬೆಳಕಿನಲ್ಲಿ ವೆಲ್ಡಿಂಗ್ ಕನ್ನಡಕ ತೊಡಿಸಿ ನುಡಿಸಲು ಕೊಟ್ಟರು. ಆರಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಬಂತು. ದುಬಾರಿ ಬ್ರೆಜಿಲ್ ಮರಕ್ಕೆ ಯಾವ ವಿಶೇಷ ಮರ್ಯಾದೆಯೂ ಸಿಗಲಿಲ್ಲ.

ಹಾಡಿಕೊಂಡು ಬೆರಳಿನಿಂದ ನುಡಿಸುವವರು ಮರಕ್ಕಿಂತ ಮೊದಲು ಒಡಲಿನ ಗಾತ್ರ ನೋಡಬೇಕು. ಎಫ್‌ಜಿ ಡ್ರೆಡ್‌ನಾಟ್, ಅಂದರೆ ದೊಡ್ಡ ಒಡಲಿನ ಗಿಟಾರ್. ಅದರ ಮಂದ್ರ ಉಕ್ಕಿಬಂದು ಹಾಡುವ ದನಿಯನ್ನು ಮುಚ್ಚುತ್ತದೆ. ಯಮಹಾದ್ದೇ ಎಫ್‌ಎಸ್800 ಚಿಕ್ಕದು, ಸ್ಕೇಲ್ (ನುಡಿಯುವ ತಂತಿಯ ಉದ್ದ) 650 ಮಿ.ಮೀ. ಬದಲು 634. ತಂತಿ ಬೆರಳಿಗೆ ಮೆತ್ತಗೆ ಸಿಗುತ್ತದೆ, ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ. ಬೆಲೆ ಎಫ್‌ಜಿ800ರ ಅಕ್ಕಪಕ್ಕವೇ. ಉಳಿದ ಹಣದಲ್ಲಿ ನಟ್, ಸ್ಯಾಡಲ್ (ತಂತಿ ಎರಡೂ ತುದಿಯಲ್ಲಿ ಕೂರುವ ಸಣ್ಣ ಪಟ್ಟಿಗಳು) ಸರಿಮಾಡಿಸಿ. ಹನ್ನೆರಡನೆಯ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ ದಪ್ಪ ತಂತಿ ಸುಮಾರು 2.5 ಮಿ.ಮೀ. ಎತ್ತರದಲ್ಲಿದ್ದರೆ ಸಾಕು. ಪೆಟ್ಟಿಗೆಯಿಂದ ತೆಗೆದ ಹಾಗೆಯೇ ನುಡಿಸಿ, ಗಿಟಾರ್ ಚೆನ್ನಾಗಿಲ್ಲ ಎಂದು ದೂರುವವರನ್ನು ಕಂಡು ಕಂಡು ಸಾಕಾಗಿದೆ.

ಮಂದ್ರಪ್ರಿಯ:
ಪ್ರಯೋಗ ಸರಿ ಸಾರ್, ಆದರೆ ನಾನು ಮಾರ್ಟಿನ್ ಕಂಪನಿಯ ಡಿ-18, ಡಿ-28 ಗಿಟಾರ್‌ಗಳೆರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನುಡಿಸಿದ್ದೇನೆ. ಮಹಾಗನಿಯ 18ರಲ್ಲಿ ಸ್ವರ ಹುಟ್ಟಿ ಬೇಗ ತಿಳಿಯಾಗುತ್ತದೆ. ಬೀಟೆಯ 28ರಲ್ಲಿ ಮಂದ್ರದ ಸುತ್ತ ಒಂದು ಗುಂಯ್‌ಗುಡುವಿಕೆ ಉಳಿಯುತ್ತದೆ. ಇದು ನನ್ನ ಭ್ರಮೆಯೇ?

ಮೂಳೆಸ್ಯಾಡಲ್:
ಭ್ರಮೆ ಎನ್ನಲಾರೆ. ಅಲ್ಲಿ ಹಿಂಬದಿಯೂ ಸಾಲಿಡ್. ಆದರೆ ಆ ಎರಡು ಟಾಪ್‌ಗಳನ್ನು ಒಂದೇ ಮರದಿಂದ ಸೀಳಿರಲಿಲ್ಲ, ತಂತಿಗಳ ವಯಸ್ಸೂ ಒಂದೇ ಇದ್ದಿರಲಾರದು. ಎರಡು ಡಿ-28ಗಳನ್ನೇ ಜೊತೆಗಿಟ್ಟು ಕೇಳಿ, ಆಗಲೂ ಅಂತರ ಸಿಕ್ಕೀತು. ಅಷ್ಟಕ್ಕೂ ಮಾರ್ಟಿನ್ 1969ರಲ್ಲಿ ಬ್ರೆಜಿಲ್ ಮರ ಬಿಟ್ಟು ಭಾರತದ ಬೀಟೆಗೆ ಬಂದದ್ದು ಮರ ಸಿಗುವುದು ಕಷ್ಟವಾದ್ದರಿಂದ.

ಆರನೇತಂತಿ:
ಅಂಗಡಿಯಲ್ಲಿ ನೀವು ಬೆನ್ನು ತಿರುಗಿಸಿ ನಿಲ್ಲಿ, ಜೊತೆಗೆ ಬಂದವರು ಯಾವುದೆಂದು ಹೇಳದೆ ಒಂದೊಂದನ್ನೂ ನುಡಿಸಲಿ. ತಂತಿ ಯಾವುದೆಂದೂ ವಿಚಾರಿಸಿ. 80/20 ಬ್ರಾಂಜ್ (80 ಪಾಲು ತಾಮ್ರ, 20 ಪಾಲು ಸತು) ತಂತಿಯ ನಾದ ಚುರುಕು, ಫಾಸ್ಫರ್ ಬ್ರಾಂಜಿನದು ಬೆಚ್ಚಗೆ. ಎಷ್ಟೋ ಸಲ ಮರದ ಗುಣವೆಂದು ನಾವು ಹೊಗಳುವುದು ಹೊಸ ತಂತಿಯನ್ನು.

ಹೊಸಶ್ರುತಿ:
ಎಫ್‌ಎಸ್800 ನನ್ನ ಪಟ್ಟಿಯಲ್ಲೇ ಇರಲಿಲ್ಲ, ಮೊದಲು ಅದನ್ನೇ ಕೇಳುತ್ತೇನೆ. ಇನ್ನೊಂದು ಸಂಶಯ: ಹಳೆಯ ಗಿಟಾರ್ ಕೊಳ್ಳುವುದಾದರೆ ಟಾಪ್ ಸಾಲಿಡ್ ಹೌದೋ ಅಲ್ಲವೋ ತಿಳಿಯುವುದು ಹೇಗೆ?

ಮೂಳೆಸ್ಯಾಡಲ್:
ನಾದರಂಧ್ರದ ಅಂಚು ನೋಡಿ. ಮರದ ಮೇಲಿನ ಎಳೆಗಳು ಅಂಚಿನಲ್ಲೂ ನೇರವಾಗಿ ಇಳಿದಿದ್ದರೆ ಸಾಲಿಡ್. ಪದರ ಪದರವಾಗಿ ಕಂಡರೆ ಪ್ಲೈ, ಅಂದರೆ ಲ್ಯಾಮಿನೇಟ್. ಅಂಚಿಗೆ ಬಣ್ಣ ಬಳಿದು ಮುಚ್ಚಿದ್ದರೆ ಸಣ್ಣ ಕನ್ನಡಿಯನ್ನು ಒಳಗೆ ಹಿಡಿದು, ಮೇಲಿನ ಎಳೆಗಳ ಸಾಲು ಕೆಳಗಿನದಕ್ಕೆ ಹೊಂದುತ್ತದೆಯೇ ಪರೀಕ್ಷಿಸಿ. ಹಾಗೆಯೇ ಬ್ರಿಜ್ ಹಿಂದೆ ಟಾಪ್ ವಿಪರೀತ ಉಬ್ಬಿದೆಯೇ ಎಂದೂ ಗಮನಿಸಿ. ಉಬ್ಬಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಕೊಳ್ಳಬೇಡಿ.