ಮಾರ್ಚ್ ಮೊದಲ ವಾರ ಮಾಗಡಿ ಕೆರೆಯಲ್ಲಿ ಹೆಬ್ಬಾತುಗಳು ಇರುತ್ತವೆಯೇ?

ಬೇವಿನಕಟ್ಟೆ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆ ಈಚೆಗೆ ನಿವೃತ್ತರಾದರು. ದಿನವೂ ಉಣಕಲ್ ಕೆರೆಯ ದಂಡೆಯಲ್ಲಿ ನಡೆಯುತ್ತ ನಾಮದಕೋಳಿ, ನೀರುಕಾಗೆಗಳನ್ನು ನೋಡಿ ರುಚಿ ಹತ್ತಿದೆ. ಈಗ ಪಟ್ಟೆತಲೆ ಹೆಬ್ಬಾತನ್ನು ನೋಡಲೇಬೇಕೆಂದು ಪಟ್ಟು ಹಿಡಿದಿದ್ದಾರೆ. ನನಗೆ ಬಿಡುವು ಸಿಗುವುದು ಮಾರ್ಚ್ ಮೊದಲ ಭಾನುವಾರ. ಅಷ್ಟರಲ್ಲಿ ಅವು ಹೊರಟು ಹೋಗಿರುತ್ತವೆಯೇ? ಅದೇ ದಿನ ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರ ಕೆರೆಯನ್ನೂ ನೋಡಿಕೊಂಡು ಬರಬಹುದೇ? ತಂದೆಗೆ ಮೊಣಕಾಲು ನೋವಿದೆ, ಹೆಚ್ಚು ನಡೆಯಲಾರರು. ನಮ್ಮ ಹತ್ತಿರ 8×42 ದುರ್ಬೀನು ಇದೆ.

ಕೆರೆಏರಿ, ಲಕ್ಷ್ಮೇಶ್ವರ

ಧೈರ್ಯವಾಗಿ ಬನ್ನಿ, ಆದರೆ ಇನ್ನೊಂದು ವಾರ ಮುಂದೂಡಬೇಡಿ. ಬಿಸಿಲು ಬಲಿತಂತೆ ಹಿಂಡುಗಳು ತೆಳುವಾಗುತ್ತವೆ. ಮಾರ್ಚ್ ಕೊನೆಗೆ ಬಂದವರು ಹೆಚ್ಚಾಗಿ ಬರಿಯ ನೀರು ನೋಡಿ ಹೋಗುತ್ತಾರೆ.

ಮೊದಲು ದಾರಿಯ ಮಾತು. ಮೊಬೈಲಿನಲ್ಲಿ ಬರಿಯ ‘ಮಾಗಡಿ’ ಎಂದು ಹುಡುಕಿದರೆ ಬೆಂಗಳೂರಿನ ಪಕ್ಕದ ಮಾಗಡಿಗೆ ಕರೆದೊಯ್ಯುತ್ತದೆ. ನಿಮಗೆ ಬೇಕಾದದ್ದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ.

ಸೂರ್ಯೋದಯಕ್ಕೆ ಮುಂಚೆಯೇ ಕೆರೆಯ ಬಳಿ ಇರಿ. ಈ ಬಾತುಗಳು ಹಗಲೆಲ್ಲ ನೀರಿನಲ್ಲಿ, ದಂಡೆಯಲ್ಲಿ ಕುಳಿತು ವಿಶ್ರಮಿಸುತ್ತವೆ. ಮೇಯಲು ಹೊಲಗಳಿಗೆ ಇಳಿಯುವುದು ರಾತ್ರಿ. ಬೆಳಗಿನ ಜಾವ ಸಾಲುಸಾಲಾಗಿ ಕೆರೆಗೆ ಮರಳುವಾಗ ಅವುಗಳ ಕೂಗು ಹಿಂಡಿಗಿಂತ ಮೊದಲೇ ಬಂದು ಮುಟ್ಟುತ್ತದೆ. ಆ ಅರ್ಧ ಗಂಟೆಯನ್ನು ನಿಮ್ಮ ತಂದೆಯವರಿಗೆ ತಪ್ಪಿಸಬೇಡಿ. ಮಡಚುವ ಕುರ್ಚಿ ತನ್ನಿ, ಸೂರ್ಯನಿಗೆ ಬೆನ್ನಾಗುವಂತೆ ಅವರನ್ನು ಕೂರಿಸಿ. ನಡೆಯುವ ಅಗತ್ಯವೇ ಬೀಳದು. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ ಕಂಡರೆ ಅದೇ. ದೂರದಿಂದ ಪಟ್ಟೆ ಕಾಣದಿದ್ದರೆ ಕತ್ತು ನೋಡಿ: ಕಂದು ಕತ್ತಿನ ಪಕ್ಕದಲ್ಲಿ ಉದ್ದಕ್ಕೆ ಇಳಿದ ಬಿಳಿ ಗೆರೆ ಎದ್ದು ಕಾಣುತ್ತದೆ. ಸೂಜಿಬಾಲದ ಬಾತು, ಸಲಿಕೆ ಕೊಕ್ಕಿನ ಬಾತು, ಮೆಟ್ಟುಗಾಲು ಹಕ್ಕಿಗಳೂ ಇರಬಹುದು. ಚಕ್ರವಾಕ ಇದ್ದರೆ ಅದರ ಕಿತ್ತಳೆ ಮೈ ತಾನಾಗಿಯೇ ಕಣ್ಣು ಸೆಳೆಯುತ್ತದೆ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ದಯವಿಟ್ಟು ದೂರವಿರಿ. ಮಾರ್ಚಿನ ಹೆಬ್ಬಾತು ಪ್ರಯಾಣಕ್ಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತಿರುವ ಹಕ್ಕಿ. ಇಲ್ಲಿಂದ ಹೊರಟು ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾದ ಕಡೆ ಮರಿ ಮಾಡಲು ಹೋಗಬೇಕು. ಉಪಕರಣ ಕಟ್ಟಿ ಅಳೆದಾಗ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅವುಗಳ ರಕ್ತದ ಹಿಮೋಗ್ಲೋಬಿನ್ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ, ನಿಜ. ಆದರೂ ರೆಕ್ಕೆ ಬಡಿಯುವ ಶಕ್ತಿ ಬರಬೇಕಾದದ್ದು ತಿಂದ ಕಾಳಿನಿಂದಲೇ. ಇಡೀ ಹಿಂಡು ಒಮ್ಮೆಲೇ ಏಳುವ ಚಿತ್ರ ಬೇಕೆಂದು ಕಲ್ಲೆಸೆಯುವವರನ್ನು ಕಂಡಿದ್ದೇನೆ, ಎದುರಿಗೇ ಗದರಿಸಿದ್ದೇನೆ. ಹಾಗೆ ಎಬ್ಬಿಸಿದ ಪ್ರತಿ ಸಲವೂ ಅವು ಕೂಡಿಟ್ಟ ಗಂಟಿನಲ್ಲಿ ಒಂದಿಷ್ಟು ಕರಗುತ್ತದೆ.

ಆ ಕಾಳು ರೈತರ ಹೊಲದ್ದು ಎಂಬುದನ್ನೂ ಮರೆಯಬಾರದು. ಹಿಂಡು ಇಳಿದ ಹೊಲದ ನಷ್ಟಕ್ಕೆ ಸರಿಯಾದ ಪರಿಹಾರ ಸಿಗಲೇಬೇಕು. ಅದು ಆಗದೆ ‘ಹಕ್ಕಿ ಉಳಿಸಿ’ ಎಂದು ಊರವರಿಗೆ ಹೇಳುವ ಹಕ್ಕು ನಮಗಿಲ್ಲ ಎಂದೇ ನನ್ನ ಅಭಿಪ್ರಾಯ.

ಅಂಕಸಮುದ್ರವನ್ನು ಅದೇ ದಿನಕ್ಕೆ ತುರುಕಬೇಡಿ. ಬಿಸಿಲೇರಿದ ಮೇಲೆ ಲಕ್ಷ್ಮೇಶ್ವರಕ್ಕೆ ಬನ್ನಿ. ಹಳೆಯ ಪುಲಿಗೆರೆ ಇದೇ. ಸೋಮೇಶ್ವರ ದೇವಸ್ಥಾನದ ನೆರಳಿನಲ್ಲಿ ತಂದೆಯವರು ದಣಿವಾರಿಸಿಕೊಳ್ಳಲಿ.

ಹಿನ್ನೀರು, ಹಗರಿಬೊಮ್ಮನಹಳ್ಳಿ

ಮೇಲಿನವರ ಮಾತು ಸರಿ. ಮಾಗಡಿ, ಅಂಕಸಮುದ್ರ ಎರಡೂ ರಾಮ್ಸರ್ ಪಟ್ಟಿಗೆ, ಅಂದರೆ ಜಾಗತಿಕ ಮಹತ್ವದ ಜೌಗು ನೆಲಗಳ ಪಟ್ಟಿಗೆ, ಸೇರಿದ್ದು 2024ರ ಜನವರಿಯಲ್ಲಿ ಪ್ರಕಟವಾಯಿತು ಎಂದು ಜನ ಒಂದೇ ಉಸಿರಿನಲ್ಲಿ ಎರಡನ್ನೂ ಮುಗಿಸಲು ಹೊರಡುತ್ತಾರೆ. ಅಂಕಸಮುದ್ರ ಬೇರೆಯೇ ಜಾತಿಯ ಕೆರೆ: ನೀರಿನ ನಡುವೆ ಕರಿಜಾಲಿ ಮರಗಳು, ಮರದ ತುಂಬ ಕೊಕ್ಕರೆ, ನೀರುಕಾಗೆ. ಅಲ್ಲಿಗೆ ಸಂಜೆ ಬರಬೇಕು. ಗುಲಾಬಿ ಮೈನಾಗಳು ರಾತ್ರಿ ತಂಗಲು ಮೋಡದಂತೆ ಬಂದಿಳಿಯುವುದನ್ನು ನೋಡಬೇಕು. ಏಪ್ರಿಲ್ ಹೊತ್ತಿಗೆ ಅವೂ ಮಧ್ಯ ಏಷ್ಯಾದ ಕಡೆ ಹೊರಡುತ್ತವೆ. ಹಗಲು ಸಮಯವಿದ್ದರೆ ಹೂ ಬಿಟ್ಟ ಮುತ್ತುಗದ ಮರ ಹುಡುಕಿ, ಮಕರಂದಕ್ಕೆ ಮುತ್ತಿರುತ್ತವೆ. ತುಂಗಭದ್ರಾ ಹಿನ್ನೀರಿನಲ್ಲಿ ರಾಜಹಂಸ ಸಿಗುವುದು ಬಿಡುವುದು ಆ ವರ್ಷ ನೀರು ಎಷ್ಟು ಇಳಿದಿದೆ ಎಂಬುದರ ಮೇಲೆ.

ಕಾಫಿತೋಟ, ತರೀಕೆರೆ

ಈ ಸಲ ತಪ್ಪಿಹೋದರೂ ಬೇಸರ ಬೇಡ. ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯದ ನೀರು ಇಳಿದಾಗ ಏಳುವ ನಡುಗಡ್ಡೆಗಳಲ್ಲಿ ರೀವ ಹಕ್ಕಿಗಳು ಮೊಟ್ಟೆಯಿಡುತ್ತವೆ. ಮಾರ್ಚ್, ಏಪ್ರಿಲ್ ಅದಕ್ಕೆ ಒಳ್ಳೆಯ ಕಾಲ. ದೋಣಿಯಲ್ಲಿ ಕುಳಿತೇ ನೋಡಬಹುದು, ಮೊಣಕಾಲಿಗೆ ತೊಂದರೆಯಿಲ್ಲ.

ಬೇವಿನಕಟ್ಟೆ, ಹುಬ್ಬಳ್ಳಿ

ಹೋಗಿ ಬಂದೆವು! ಕತ್ತಲಿರುವಾಗಲೇ ತಲುಪಿದೆವು. ಮೊದಲ ಸಾಲು ತಲೆಯ ಮೇಲೆ ಹಾದಾಗ ತಂದೆ ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಎಣಿಸಲು ಹೋಗಿ ನಾನು ಇನ್ನೂರು ದಾಟಿದ ಮೇಲೆ ಕೈಬಿಟ್ಟೆ, ಅವರು ಬಿಡಲಿಲ್ಲ. ಒಂದು ಸಂದೇಹ: ಮಂಗೋಲಿಯಾದಲ್ಲಿ ಗುರುತಿಗಾಗಿ ಕತ್ತಿಗೆ ಹಸಿರು ಪಟ್ಟಿ ತೊಡಿಸಿದ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆಯೆಂದು ಓದಿದ್ದೆ. ನಮಗೆ ಒಂದೂ ಕಾಣಲಿಲ್ಲ. ಕಂಡರೆ ಏನು ಮಾಡಬೇಕು?

ಕೆರೆಏರಿ, ಲಕ್ಷ್ಮೇಶ್ವರ

ಬಹಳ ಸಂತೋಷವಾಯಿತು. ಪಟ್ಟಿ ಕಂಡರೆ ಹತ್ತಿರ ಹೋಗಬೇಡಿ. ಅದರ ಮೇಲಿನ ಅಕ್ಷರ, ಅಂಕಿಗಳನ್ನು ದುರ್ಬೀನಿನಿಂದ ಓದಿ, ಪಟ್ಟಿಯ ಬಣ್ಣದೊಂದಿಗೆ ಬರೆದುಕೊಳ್ಳಿ. ಮಬ್ಬಾದರೂ ಸರಿ, ಒಂದು ಚಿತ್ರ ತೆಗೆಯಿರಿ. ತಂದೆಯವರು ಮಾಡಿದ ಎಣಿಕೆಯನ್ನು ಇಂದೇ ಹಕ್ಕಿ ಎಣಿಕೆ ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಸೇರಿಸಿ. ಸಮಯ ಬರೆಯಿರಿ, ಕೆರೆಯಲ್ಲಿ ನೀರು ಎಷ್ಟಿತ್ತು ಎಂಬುದನ್ನೂ ಬರೆಯಿರಿ. ಹಿಂಡು ಯಾವಾಗ ಖಾಲಿಯಾಗುತ್ತದೆ ಎಂದು ತಿಳಿಯಲು ಮಾರ್ಚಿನ ಎಣಿಕೆಗಳೇ ಬೇಕು.