ಸಹಾಯ ಬೇಕು: ದೂರ ಗೊತ್ತಿದ್ದರೆ ವಿಮಾನದ ಸಮಯ ಅಂದಾಜಿಸುವುದು ಹೇಗೆ?

ಎರಡು ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಕೊಟ್ಟರೆ ದೂರ ಮತ್ತು ಸಮಯ ತೋರಿಸುವ ಎಕ್ಸೆಲ್ ಶೀಟ್ ಒಂದನ್ನು ಮಾಡುತ್ತಿದ್ದೇನೆ. ದೂರದ ಲೆಕ್ಕ ಸರಿ ಬರುತ್ತಿದೆ: ಹ್ಯಾವರ್‌ಸೈನ್ ಸೂತ್ರ (ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರ ಕೊಡುವ ಸೂತ್ರ), ಭೂಮಿಯ ತ್ರಿಜ್ಯ 6371 ಕಿ.ಮೀ., ಡಿಗ್ರಿಗಳನ್ನು ಮೊದಲು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ಗೆ ಬದಲಿಸಿಕೊಳ್ಳಬೇಕು. ಪಶ್ಚಿಮ ರೇಖಾಂಶಕ್ಕೆ ಮೈನಸ್ ಮರೆತರೆ ಮಾತ್ರ ಕಥೆ ಮುಗೀತು. -73.78 ಬದಲು 73.78 ಹಾಕಿದರೆ ನ್ಯೂಯಾರ್ಕ್ ಕಿರ್ಗಿಸ್ತಾನಕ್ಕೆ ಹೋಗಿ ಕೂರುತ್ತದೆ!

ತೊಂದರೆ ಇರುವುದು ಸಮಯದಲ್ಲಿ. ದೂರವನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿ, ಏರಲು ಇಳಿಯಲು ಅಂತ ಅರ್ಧ ಗಂಟೆ ಸೇರಿಸಿದ್ದೇನೆ. ಲಂಡನ್–ನ್ಯೂಯಾರ್ಕ್ ಸುಮಾರು 5,550 ಕಿ.ಮೀ., ಉತ್ತರ 6 ಗಂಟೆ 40 ನಿಮಿಷ. ವೇಳಾಪಟ್ಟಿಯಲ್ಲಿ ಹೋಗಲು ಸುಮಾರು 8 ಗಂಟೆ, ವಾಪಸ್ ಬರಲು 7. ವೇಳಾಪಟ್ಟಿ ಗೇಟಿನಿಂದ ಗೇಟಿಗೆ ಲೆಕ್ಕ, ಹಾಗಾಗಿ ರನ್‌ವೇ ತನಕ ಉರುಳುವ ಸಮಯವೂ ಅದರಲ್ಲೇ ಸೇರಿದೆ. ಉಳಿದದ್ದು ಜೆಟ್ ಸ್ಟ್ರೀಮ್, ಅಂದರೆ ವಿಮಾನ ಹಾರುವ ಎತ್ತರದಲ್ಲಿ ಬೀಸುವ ಬಲವಾದ ಗಾಳಿಯ ಆಟ. ಅದು ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು.

ಈಗ ಪ್ರಶ್ನೆ. ಪಶ್ಚಿಮಕ್ಕೆ ವೇಗವನ್ನು 800, ಪೂರ್ವಕ್ಕೆ 950 ಅಂತ ಇಟ್ಟರೆ ಸಾಕಾ, ಅಥವಾ ಅಕ್ಷಾಂಶ ಮತ್ತು ತಿಂಗಳು ನೋಡಿ ಬದಲಿಸಬೇಕಾ? ಸಮಭಾಜಕದ ಹತ್ತಿರ ಹಾರುವ, ಉತ್ತರ–ದಕ್ಷಿಣ ಸಾಗುವ ಮಾರ್ಗಗಳಿಗೆ ಈ ತಿದ್ದುಪಡಿ ಹೊಂದುವುದಿಲ್ಲ ಅನ್ನುವುದು ಗೊತ್ತು.

ಇನ್ನೊಂದು, ಸುತ್ತು ದಾರಿ. ಲಂಡನ್–ಟೋಕಿಯೊ ನೇರ ದೂರ ಸುಮಾರು 9,600 ಕಿ.ಮೀ. ಆದರೆ 2022ರಿಂದ ರಷ್ಯಾದ ಮೇಲೆ ಹಾರಲಾಗದ ಕಂಪನಿಗಳಿಗೆ ಸುಮಾರು 14 ಗಂಟೆ ಹಿಡಿಯುತ್ತಿದೆ. ನಡುವೆ ಒಂದೆರಡು ಬಿಂದು ಕೊಟ್ಟು ತುಂಡು ತುಂಡಾಗಿ ಕೂಡಿಸುವುದಕ್ಕಿಂತ ಸುಲಭದ ದಾರಿ ಇದೆಯಾ?

ಟೈಮ್ ಝೋನ್ ಸಮಸ್ಯೆ ಇಲ್ಲ, ಹೊರಡುವ, ತಲುಪುವ ಎರಡೂ ಸಮಯಗಳನ್ನು ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ) ತಂದೇ ಕಳೆಯುತ್ತಿದ್ದೇನೆ. ಫಾರ್ಮುಲಾ ಇದ್ದವರು ಕಾಮೆಂಟ್‌ನಲ್ಲೇ ಹಾಕಿ.