ಖಾಲಿ ಆಸಿಡ್ ಟ್ಯಾಂಕಿನ ಮೇಲೆ ವೆಲ್ಡಿಂಗ್ ಮಾಡಬಹುದಾ? (ಪ್ರಶ್ನೋತ್ತರ)

ಪ್ರಶ್ನೆ: ನಮಸ್ಕಾರ ಸರ್. ನನ್ನ ತಮ್ಮ ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿ ಕಡೆ ಒಂದು ಫ್ಯಾಕ್ಟರಿಯಲ್ಲಿ ಕಂಟ್ರಾಕ್ಟ್ ವೆಲ್ಡರ್. ಅಲ್ಲಿ ಸಲ್ಫ್ಯೂರಿಕ್ ಆಸಿಡ್ ಟ್ಯಾಂಕಿನ ಮೇಲ್ಗಡೆ ತುಕ್ಕು ಹಿಡಿದು ತೂತಾಗಿದೆಯಂತೆ. ಆಸಿಡ್ ತೆಗೆದು, ನೀರು ಬಿಟ್ಟು ತೊಳೆದಿದ್ದಾರೆ. ನಾಳಿದ್ದು ಇವನು ಹತ್ತಿ ಪ್ಯಾಚ್ ಹಾಕಬೇಕು. "ಆಸಿಡ್ ಏನು ಪೆಟ್ರೋಲಾ, ಹೊತ್ತಿಕೊಳ್ಳೋಕೆ?" ಅಂತ ಸೂಪರ್‌ವೈಸರ್ ನಗುತ್ತಾರಂತೆ. ತಮ್ಮನಿಗೆ ಮನಸ್ಸಿಲ್ಲ. ಹೆದರುವಂಥದ್ದು ಏನಾದರೂ ಇದೆಯಾ?

ಉತ್ತರ: ಇದೆ. ಮೊದಲು ತಮ್ಮನಿಗೆ ಫೋನ್ ಮಾಡಿ, ಒಳಗೆ ಸುಡುವ ಗ್ಯಾಸ್ ಇದೆಯಾ ಅಂತ ಮೀಟರ್‌ನಲ್ಲಿ ನೋಡದೆ (ಗ್ಯಾಸ್ ಟೆಸ್ಟ್) ವೆಲ್ಡಿಂಗ್ ಟಾರ್ಚ್ ಹಚ್ಚಬೇಡ ಅಂತ ಹೇಳಿಬಿಡಿ. ಆಮೇಲೆ ಮುಂದೆ ಓದಿ.

ಸೂಪರ್‌ವೈಸರ್ ಹೇಳಿದ್ದು ಅರ್ಧ ನಿಜ. ಆಸಿಡ್ ಉರಿಯುವುದಿಲ್ಲ. ಆದರೆ ಟ್ಯಾಂಕ್ ಕಬ್ಬಿಣದ್ದು ಅಲ್ವಾ? 98 ಪರ್ಸೆಂಟ್ ಆಸಿಡ್ ಅನ್ನು ಮಾಮೂಲಿ ಮೈಲ್ಡ್ ಸ್ಟೀಲ್ ಟ್ಯಾಂಕಿನಲ್ಲೇ ಇಡುತ್ತಾರೆ. ಆಸಿಡ್ ತಾಗಿದ ಕಡೆ ಕಬ್ಬಿಣದ ಸಲ್ಫೇಟಿನ ಒಂದು ಪದರ ಕೂತು, ಒಳಗಿನ ಲೋಹವನ್ನು ಕಾಪಾಡುತ್ತದೆ. ನೀರು ಸೇರಿ ಆಸಿಡ್ ತೆಳುವಾದರೆ ಆ ಪದರ ನಿಲ್ಲುವುದಿಲ್ಲ. ತೆಳು ಆಸಿಡ್ ಕಬ್ಬಿಣವನ್ನು ತಿನ್ನುತ್ತದೆ, ತಿನ್ನುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ 4 ಪರ್ಸೆಂಟ್ ಹೈಡ್ರೋಜನ್ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಈಗ ನಿಮ್ಮ ಪ್ರಶ್ನೆಯ ಒಂದು ಮಾತು ನೋಡಿ: "ನೀರು ಬಿಟ್ಟು ತೊಳೆದಿದ್ದಾರೆ." ಗೋಡೆಗೆ, ತಳದ ಕೆಸರಿಗೆ ಅಂಟಿದ ಆಸಿಡ್ ತೆಳುವಾಗುವುದೇ ಆಗ. ಅಂದರೆ ಹೈಡ್ರೋಜನ್ ಜಾಸ್ತಿ ಬರುವುದು ತೊಳೆಯುವಾಗ ಮತ್ತು ತೊಳೆದ ಮೇಲೆ. ಹಗುರ ಗ್ಯಾಸ್ ಅದು, ಮೇಲೆ ಹೋಗಿ ಛಾವಣಿಯ ಕೆಳಗೆ ಕೂರುತ್ತದೆ. ತಮ್ಮ ಪ್ಯಾಚ್ ಹಾಕಬೇಕಾದ ಜಾಗವೂ ಅದೇ. ತುಂಬಿದ ಟ್ಯಾಂಕಿನ ಹತ್ತಿರ ಎಲ್ಲರೂ ಹುಷಾರಾಗಿರುತ್ತಾರೆ. ನನಗೆ ಭಯ ಇರುವುದು ಈ ತೊಳೆದಿಟ್ಟ ಟ್ಯಾಂಕುಗಳದ್ದೇ.

2001ರ ಜುಲೈ 17ರಂದು ಅಮೆರಿಕದ ಡೆಲವೇರ್ ಸಿಟಿಯ ಒಂದು ರಿಫೈನರಿಯಲ್ಲಿ ಆದದ್ದು ಹೀಗೆ. ಅಲ್ಲಿ ಟ್ಯಾಂಕಿಗೆ ಕೈಯನ್ನೂ ಹಚ್ಚಿರಲಿಲ್ಲ, ಮೇಲೆ ಓಡಾಡುವ ಕ್ಯಾಟ್‌ವಾಕ್ ರಿಪೇರಿ ನಡೆಯುತ್ತಿತ್ತು. ಬಳಸಿದ ಸಲ್ಫ್ಯೂರಿಕ್ ಆಸಿಡ್ ಇದ್ದ ಟ್ಯಾಂಕಿನಲ್ಲಿ ತುಕ್ಕಿನ ತೂತುಗಳಿದ್ದವು. ಅದರೊಳಗೆ ಹೈಡ್ರೋಜನ್ ಅಲ್ಲ, ಎಣ್ಣೆಯ ಆವಿ ಇತ್ತು. ವೆಲ್ಡಿಂಗ್ ಕಿಡಿ ತಾಗಿ ಟ್ಯಾಂಕ್ ಸಿಡಿಯಿತು. ಒಬ್ಬರು ಸತ್ತರು, ಎಂಟು ಜನರಿಗೆ ಗಾಯವಾಯಿತು, ಆಸಿಡ್ ನದಿವರೆಗೂ ಹೋಯಿತು. ತೂತು ಇದೆ ಅಂತ ಮೊದಲೇ ಗೊತ್ತಿತ್ತು ಅನ್ನುವುದು ಇದರಲ್ಲಿ ಹೊಟ್ಟೆ ಉರಿಸುವ ವಿಷಯ.

ಪ್ರಶ್ನೆ (ಇನ್ನೊಬ್ಬರು): ಆದರೆ ಸರ್, ತೂತು ಮೇಲ್ಗಡೆ ಯಾಕೆ? ಆಸಿಡ್ ಇರೋದು ಕೆಳಗೆ ಅಲ್ವಾ? ನಮ್ಮಲ್ಲೂ ಹಾಗೇ ಆಗಿದೆ.

ಉತ್ತರ: ಒಳ್ಳೆ ಪ್ರಶ್ನೆ. ಇದಕ್ಕೆ ನಮ್ಮ ಮಲೆನಾಡಿನ ಹವೆಯೂ ಒಂದು ಕಾರಣ. ಆಸಿಡ್ ಪಂಪ್ ಮಾಡಿದಾಗೆಲ್ಲ ಟ್ಯಾಂಕ್ ತನ್ನ ವೆಂಟ್‌ನಿಂದ, ಅಂದರೆ ಗಾಳಿಯಾಡುವ ಕಿಂಡಿಯಿಂದ, ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗಾಳಿಯಲ್ಲಿ ಏನಿರುತ್ತದೆ ಅಂತ ಬಟ್ಟೆ ಒಣಗಿಸುವವರಿಗೆ ಗೊತ್ತು. ಆಸಿಡ್ ಆ ತೇವವನ್ನು ಹೀರುತ್ತದೆ. ಛಾವಣಿಯಲ್ಲಿ, ಮೇಲಿನ ಗೋಡೆಯಲ್ಲಿ ಅಂಟಿದ ತೆಳು ಪಸೆ ಬೇಗ ನೀರಾಗಿ ಅಲ್ಲೇ ತಿನ್ನುತ್ತದೆ. ವೆಂಟ್‌ಗೆ ತೇವ ಹೀರುವ ಹರಳಿನ (ಸಿಲಿಕಾ ಜೆಲ್) ಡಬ್ಬಿ ಹಾಕುವುದು ಇದಕ್ಕೇ. ಹರಳಿನ ಬಣ್ಣ ತಿರುಗಿದ ಮೇಲೂ ಬದಲಾಯಿಸದಿದ್ದರೆ ಡಬ್ಬಿ ಇದ್ದೂ ಇಲ್ಲದ ಹಾಗೆ.

ಕೆಲವರು ಇನ್ನೂ ಬುದ್ಧಿವಂತರು. ಮಳೆ ನೀರು ಹೋಗದಿರಲಿ ಅಂತ ವೆಂಟ್‌ಗೆ ಪ್ಲಾಸ್ಟಿಕ್ ಕವರ್ ಕಟ್ಟಿಬಿಡುತ್ತಾರೆ. ಪಂಪ್ ಶುರುವಾದರೆ ಒಳಗೆ ವ್ಯಾಕ್ಯೂಮ್ ಆಗಿ, ಅಷ್ಟು ದೊಡ್ಡ ಟ್ಯಾಂಕ್ ಫ್ರೂಟಿ ಪ್ಯಾಕೆಟ್ ತರಹ ಒಳಕ್ಕೆ ಸೊಟ್ಟಗಾಗುತ್ತದೆ. ಮಳೆಗೆ ಬಾಗಿದ ಪೈಪ್ ಅಥವಾ ಟೋಪಿ ಹಾಕಿ, ಕವರ್ ಬೇಡವೇ ಬೇಡ.

ಹಾಗೇ ಡೈಕ್ ಕೂಡ ನೋಡಿ, ಟ್ಯಾಂಕಿನ ಸುತ್ತ ಕಟ್ಟುವ ಗೋಡೆ. ಒಳಗಿನ ಅತಿ ದೊಡ್ಡ ಟ್ಯಾಂಕಿನ 110 ಪರ್ಸೆಂಟ್ ಹಿಡಿಯಬೇಕು ಅನ್ನುವುದು ರೂಢಿಯ ಲೆಕ್ಕ. ಜುಲೈನಲ್ಲಿ ಅದು ಮಳೆ ನೀರಿನಿಂದಲೇ ತುಂಬಿ ನಿಂತರೆ ಲೀಕಾದ ಆಸಿಡ್‌ಗೆ ಜಾಗ ಎಲ್ಲಿ? ಮೇಲಾಗಿ 98ರ ಆಸಿಡ್ ನೀರಿಗೆ ಬಿದ್ದರೆ ಕುದಿದು ಹಾರುತ್ತದೆ. ಇನ್ನು ಕೆಲವರು ದಿನಾ ಯಾರು ನೋಡೋದು ಅಂತ ಡ್ರೈನ್ ವಾಲ್ವ್ ತೆರೆದೇ ಬಿಟ್ಟಿರುತ್ತಾರೆ. ಆಗ ಲೀಕಾದದ್ದು ಸೀದಾ ಚರಂಡಿ, ಹಳ್ಳ, ಕೊನೆಗೆ ತುಂಗೆಗೋ ಭದ್ರೆಗೋ. ವಾಲ್ವ್‌ಗೆ ಬೀಗ ಇರಲಿ. ನೀರಿನಲ್ಲಿ ಆಸಿಡ್ ಇದೆಯಾ ಅಂತ ತೋರಿಸುವ ಪಿಎಚ್ ಪಟ್ಟಿ ಅದ್ದಿ ನೋಡಿ, ಆಮೇಲೆ ನೀರು ಬಿಡಿ. ಬಿಡುವಾಗ ಅಲ್ಲೇ ನಿಂತು, ಮುಚ್ಚಿ ಬನ್ನಿ.

ಪ್ರಶ್ನೆ (ತೀರ್ಥಹಳ್ಳಿಯಿಂದ): ನಮ್ಮದು ಫ್ಯಾಕ್ಟರಿ ಅಲ್ಲ, ಅಡಿಕೆ ತೋಟ. ಔಷಧಿ ಕಲೆಸಲು ಗುಜರಿಯಿಂದ 200 ಲೀಟರಿನ ಕಬ್ಬಿಣದ ಬ್ಯಾರಲ್ ತಂದು ಗ್ಯಾಸ್ ಕಟರ್‌ನಲ್ಲಿ ಬಾಯಿ ಕೊಯ್ಸುತ್ತೇವೆ. ಇದಕ್ಕೂ ತೊಂದರೆಯಾ?

ಉತ್ತರ: ರಾಯರೇ, ತೊಂದರೆ ಇದೆ. ಥಿನ್ನರ್ ಇದ್ದ ಬ್ಯಾರಲ್ ತಳದಲ್ಲಿ ಒಂದೆರಡು ಚಮಚ ಉಳಿದಿದ್ದರೂ ಒಳಗೆಲ್ಲ ಆವಿ ತುಂಬಿರುತ್ತದೆ. ಕಟರ್ ತಾಗಿದರೆ ಮುಚ್ಚಳವೇ ಹಾರಿ ಬರುತ್ತದೆ, ಎದುರಿಗೆ ಕೊಯ್ಯುವವನ ಮುಖ. ಮುಂಚೆ ಏನಿತ್ತು ಅಂತ ಗೊತ್ತಿಲ್ಲದ ಬ್ಯಾರಲ್ ಕೊಯ್ಸಲೇಬೇಡಿ. ಅಲ್ಲದೆ ನೀವು ಕಲೆಸುವುದು ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಆದರೆ ಅದಕ್ಕೆ ಕಬ್ಬಿಣದ ಪಾತ್ರೆಯೇ ಸರಿಯಲ್ಲ, ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಪ್ಲಾಸ್ಟಿಕ್ ಡ್ರಮ್ಮೋ ಸಿಮೆಂಟ್ ತೊಟ್ಟಿಯೋ ಸಾಕು.

ಪ್ರಶ್ನೆ (ಮೊದಲಿನವರು): ಸರ್, ತಮ್ಮ ಹೋಗಿ ಕೇಳಿದ. ಕೆಲಸ ಮುಂದಕ್ಕೆ ಹಾಕಿ ಗ್ಯಾಸ್ ಮೀಟರ್ ತರಿಸುತ್ತಾರಂತೆ. ಒಂದು ಸಲ ನೋಡಿದರೆ ಸಾಕಾ? ಒಳಗೂ ಇಳಿಯಬೇಕಾಗಬಹುದು ಅಂತಾನೆ.

ಉತ್ತರ: ಸಾಲದು. ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ನೋಡಬೇಕು. ಕೆಲಸದ ನಡುವೆ, ಊಟ ಮುಗಿಸಿ ಬಂದ ಮೇಲೆ ಮತ್ತೆ ನೋಡಬೇಕು. ಕೆಸರು ಉಳಿದಿದ್ದರೆ ಗ್ಯಾಸ್ ಬರುತ್ತಲೇ ಇರುತ್ತದೆ, ಹಾಗಾಗಿ ಗಾಳಿ ಊದುವ ಬ್ಲೋವರ್ ನಿಲ್ಲಿಸಬಾರದು. ಮೊದಲು ಆಮ್ಲಜನಕ ಓದಿ: 19.5 ಪರ್ಸೆಂಟ್‌ಗಿಂತ ಕೆಳಗಿದ್ದರೆ ಇಳಿಯುವಂತಿಲ್ಲ. ಸುಡುವ ಗ್ಯಾಸ್ ಅಳೆಯುವ ಸಾಮಾನ್ಯ ಮೀಟರ್‌ಗೂ ಆಮ್ಲಜನಕ ಬೇಕು. ನೈಟ್ರೋಜನ್ ತುಂಬಿದ ಟ್ಯಾಂಕಿನಲ್ಲಿ ಅದು ಸುಮ್ನೆ ಸೊನ್ನೆ ತೋರಿಸಬಹುದು.

ಇಳಿಯುವುದಾದರೆ ಲಿಖಿತ ಪರ್ಮಿಟ್ ಕೈಯಲ್ಲಿರಲಿ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮಿನಲ್ಲೇ ಇದು ಇತ್ತು, ಸೂಪರ್‌ವೈಸರ್‌ಗೆ ಹೇಳಿ. ಸೊಂಟಕ್ಕೆ ಬೆಲ್ಟ್, ಅದರ ಹಗ್ಗ ಹೊರಗಿರುವವನ ಕೈಯಲ್ಲಿ. ಹೊರಗಿರುವವನು ಏನೇ ಆದರೂ ಹಿಂದೆ ಇಳಿಯಬಾರದು. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಹತ್ತಿರ ಮೀನು ಘಟಕದ ತ್ಯಾಜ್ಯದ ತೊಟ್ಟಿಯಲ್ಲಿ ಐವರು ಸತ್ತರು. ಮೊದಲು ಇಳಿದದ್ದು ಒಬ್ಬ, ಉಳಿದವರು ಅವನನ್ನು ಎತ್ತಲು ಹೋದವರು. ಹೊರಗಿರುವವನ ಕೆಲಸ ಹಗ್ಗ ಎಳೆಯುವುದು, ಕೂಗುವುದು, ಫೋನ್ ಮಾಡುವುದು. ತಮ್ಮನ ಜೊತೆ ನಿಲ್ಲುವ ಹುಡುಗನಿಗೂ ಇದನ್ನು ಇವತ್ತೇ ಹೇಳಿಸಿ.